ಜೀರ್ಣನೌಕೆಯ ಪುನರುದ್ಧಾರ: ‘ಸ್ಪ್ರೇ’ ಹಾಯಿದೋಣಿಯ ಸಲಕರಣೆಗಳನ್ನು ಕುರಿತ ಒಂದು ವಿಚಾರ

ನೌಕಾಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಡಗು ನೀರಿಗಿಳಿದ ದಿನವನ್ನೂ ಅದು ಮುಳುಗಿದ ದಿನವನ್ನೂ ಎಚ್ಚರದಿಂದ ಗುರುತಿಸುತ್ತಾರೆ. ಇವೆರಡರ ನಡುವೆ ಅದು ಹೇಗೆ ದುರಸ್ತಿಗೊಂಡಿತು, ಯಾವ ಹಳೆಯ ಸಲಕರಣೆ ಹೋಗಿ ಯಾವ ಹೊಸದು ಬಂದಿತು, ಆ ಆಯ್ಕೆಯ ಹಿಂದೆ ಯಾವ ವಿವೇಚನೆಯಿತ್ತು ಎಂಬ ಪ್ರಶ್ನೆಗಳು ಮಾತ್ರ ಹಿಂದೆ ಉಳಿಯುತ್ತವೆ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಇದೊಂದು ಕೊರತೆಯಾಗಿ ತೋರದಿರದು. ದೇವಾಲಯಗಳಿಗೆ ಭೂಮಿ ಬಿಟ್ಟ ದಾನಿಗಳು ಪೂಜೆ ನೈವೇದ್ಯಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವನ್ನೂ ಮತ್ತೆ ಮತ್ತೆ ಹೆಸರಿಸಿದ್ದಾರೆ. ಕಟ್ಟಿದ್ದನ್ನು ಉಳಿಸಿಕೊಳ್ಳುವುದೂ ಚರಿತ್ರೆಯ ಒಂದು ಘಟನೆಯೆಂಬ ಅರಿವು ಅವರಿಗಿತ್ತು. ಈ ದೃಷ್ಟಿಯನ್ನೇ ಸಮುದ್ರಕ್ಕೆ ಅನ್ವಯಿಸಿ, ಒಂದು ಹಳೆಯ ಹಾಯಿದೋಣಿಯ ಜೀರ್ಣೋದ್ಧಾರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಜೋಷುವಾ ಸ್ಲೋಕಮನ ‘ಸ್ಪ್ರೇ’ ನೌಕೆಯನ್ನು.

ಸ್ಲೋಕಮನು 1844ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ಕಡಲಿಗಿಳಿದು, ಅಮೆರಿಕದ ವ್ಯಾಪಾರಿ ಹಡಗುಗಳ ಕಪ್ತಾನನಾದನು. ಆದರೆ ಅವನ ನಡುವಯಸ್ಸಿನ ವೇಳೆಗೆ ಉಗಿಹಡಗುಗಳ ಪ್ರಾಬಲ್ಯದಿಂದ ಹಾಯಿಹಡಗುಗಳ ಕಾಲ ಇಳಿಮುಖವಾಗಿದ್ದಿತು. 1887ರಲ್ಲಿ ಅವನ ‘ಅಕ್ವಿಡ್ನೆಕ್’ ಹಡಗು ಬ್ರೆಜಿಲಿನ ತೀರದಲ್ಲಿ ನಾಶವಾಯಿತು. ಅಲ್ಲಿಯೇ ‘ಲಿಬರ್ದಾದೆ’ ಎಂಬ ದೋಣಿಯನ್ನು ತಾನೇ ಕಟ್ಟಿ, 1888ರಲ್ಲಿ ಪತ್ನಿ ಮಕ್ಕಳೊಡನೆ ಅಮೆರಿಕಕ್ಕೆ ಹಿಂದಿರುಗಿದನು. ಕೈಯಲ್ಲಿ ಹಣವಿರಲಿಲ್ಲ, ತಿಳಿದಿದ್ದ ವೃತ್ತಿಗೆ ಬೇಡಿಕೆಯಿರಲಿಲ್ಲ. ಇಂಥ ಸಂದರ್ಭದಲ್ಲಿ, 1892ರ ಚಳಿಗಾಲದಲ್ಲಿ, ತಿಮಿಂಗಿಲ ಬೇಟೆಯ ಹಡಗುಗಳ ಹಳೆಯ ಕಪ್ತಾನನಾದ ಎಬೆನ್ ಪಿಯರ್ಸ್ ಎಂಬವನು ಅವನಿಗೊಂದು ‘ಹಡಗ’ನ್ನು ಕೊಡುವೆನೆಂದನು. ಮ್ಯಾಸಚೂಸೆಟ್ಸಿನ ಫೇರ್‌ಹೇವನ್ನಿಗೆ ಹೋಗಿ ನೋಡಿದರೆ, ಅದು ನೀರಿನಿಂದ ದೂರದ ಹೊಲವೊಂದರಲ್ಲಿ ಆಸರೆಗೋಲುಗಳ ಮೇಲೆ ನಿಂತು, ಹಾಯಿಬಟ್ಟೆಯನ್ನು ಹೊದ್ದಿದ್ದ ಮುದಿ ದೋಣಿ. ಏಳು ವರ್ಷಗಳಿಂದ ಅದು ನೀರನ್ನು ಕಂಡಿರಲಿಲ್ಲ. ಅದನ್ನು ಒಡೆದು ಸೌದೆ ಮಾಡುವನೆಂದೇ ಊರವರು ಬಗೆದರು.

ಸ್ಲೋಕಮನು ಮಾಡಿದ ಮೊದಲ ಕೆಲಸ ಸಲಕರಣೆಗಳನ್ನು ಕೊಳ್ಳುವುದಾಗಿರಲಿಲ್ಲ. ಸಮೀಪದಲ್ಲಿದ್ದ ಓಕ್ ಮರವನ್ನು ಕಡಿದು, ದೋಣಿಯ ಬೆನ್ನೆಲುಬಾದ ಅಡಿತೊಲೆಯನ್ನು ಹೊಸದಾಗಿ ಮಾಡಿದನು. ಮರಗಳನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಿ ಪಕ್ಕೆಲುಬುಗಳನ್ನು ಜೋಡಿಸಿದನು. ಒಂದೂವರೆ ಅಂಗುಲ ದಪ್ಪದ ಜಾರ್ಜಿಯಾ ಪೈನ್ ಹಲಗೆಗಳನ್ನು ಹೊದಿಸಿ, ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ತುಂಬಿದನು. ಮೂಲದೋಣಿಯ ಬದಿಗಳು ಮಹಾಸಾಗರಕ್ಕೆ ತಗ್ಗಾಗಿದ್ದುದರಿಂದ ಅವುಗಳನ್ನು ನಡುವೆ 12, ಮುಂದೆ 18, ಹಿಂದೆ 14 ಅಂಗುಲಗಳಷ್ಟು ಎತ್ತರಿಸಿದನು. ಕೆಲಸ ಮುಗಿದಾಗ ದೋಣಿಯ ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಹದಿಮೂರು ತಿಂಗಳ ಸ್ವಂತ ದುಡಿಮೆಯ ಜೊತೆಗೆ ಸಾಮಗ್ರಿಗಾಗಿ ತಗುಲಿದ ವೆಚ್ಚ 553 ಡಾಲರು 62 ಸೆಂಟುಗಳೆಂದು ಅವನು ಲೆಕ್ಕ ಕೊಟ್ಟಿದ್ದಾನೆ.

ಇಷ್ಟೆಲ್ಲ ಬದಲಾದ ಮೇಲೆ ಅದು ಹಳೆಯ ‘ಸ್ಪ್ರೇ’ಯೇ, ಹೊಸ ದೋಣಿಯೇ? ಗ್ರೀಕರು ಥೀಸಿಯಸ್ಸನ ಹಡಗನ್ನು ಕುರಿತು ಕೇಳಿಕೊಂಡ ಪ್ರಶ್ನೆ ಇದೇ. ಹಳೆಯದರೊಳಗಿಂದಲೇ ಕ್ರಮವಾಗಿ ನವೀಕೃತವಾದ ಹಡಗು ಹಳೆಯ ಹೆಸರಿಗೆ ಅರ್ಹವೆಂದು ಸ್ಲೋಕಮನು ವಾದಿಸಿದನು. ಈ ವಾದದಲ್ಲಿ ಶಬ್ದಚಮತ್ಕಾರಕ್ಕಿಂತ ಹೆಚ್ಚಿನ ಸಂಗತಿಯಿದೆ. ಹಳೆಯ ಪಕ್ಕೆಲುಬು ನಿಂತಿದ್ದ ಕಡೆಯಲ್ಲಿಯೇ ಹೊಸದು ನಿಂತುದರಿಂದ ಬೆಸ್ತರ ತಲೆಮಾರುಗಳು ರೂಪಿಸಿದ್ದ ಆ ಅಗಲವಾದ, ನಿಧಾನವಾದ ಆಕೃತಿ ಬಹುಮಟ್ಟಿಗೆ ಉಳಿದುಕೊಂಡಿತು. ಬದಲಾದುದು ದ್ರವ್ಯ, ಉಳಿದುದು ಅನುಭವ.

1895ರ ಏಪ್ರಿಲ್ 24ರಂದು ಸ್ಲೋಕಮನು ಬಾಸ್ಟನ್ನಿನಿಂದ ಒಬ್ಬನೇ ಹೊರಟನು. ಅವನ ಸಲಕರಣೆಗಳಲ್ಲಿ ಎರಡು ವಿಶೇಷ ಗಮನಾರ್ಹವಾಗಿವೆ. ದೊಡ್ಡ ದೋಣಿಯಿಂದ ದಡಕ್ಕೆ ಹೋಗಿಬರಲು ಚಿಕ್ಕ ದೋಣಿಯೊಂದು ಬೇಕಷ್ಟೆ. ಪೂರ್ಣ ಗಾತ್ರದ ಕಿರುದೋಣಿಗೆ ಅಟ್ಟದ ಮೇಲೆ ಸ್ಥಳವಿರಲಿಲ್ಲ. ಅದನ್ನೆತ್ತಲು ಒಬ್ಬನ ತೋಳು ಸಾಲದು. ಆದುದರಿಂದ ಹಳೆಯದೊಂದನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಬದಿಗೆ ಹಲಗೆ ಬಡಿದು, ಅರ್ಧ ದೋಣಿಯನ್ನೇ ಒಯ್ದನು. ಬಟ್ಟೆ ಒಗೆಯುವ ತೊಟ್ಟಿಯಾಗಿಯೂ ಅದು ಉಪಯೋಗಕ್ಕೆ ಬಂದಿತು. ಎರಡನೆಯದು ಗಡಿಯಾರ. ರೇಖಾಂಶವನ್ನು ಕಂಡುಹಿಡಿಯಲು ನಿಖರವಾದ ಕ್ರೊನೋಮೀಟರ್ ಅವಶ್ಯವೆಂಬುದು ಆ ಕಾಲದ ಕಪ್ತಾನರ ಸರ್ವಸಮ್ಮತ ಅಭಿಪ್ರಾಯ. ಸ್ಲೋಕಮನಲ್ಲಿ ಹಳೆಯ ಕ್ರೊನೋಮೀಟರ್ ಒಂದಿತ್ತು; ಅದನ್ನು ಶುದ್ಧಿಮಾಡಿಸಲು 15 ಡಾಲರು ಬೇಕಾಗಿದ್ದುದರಿಂದ ಮನೆಯಲ್ಲಿಯೇ ಬಿಟ್ಟನು. ದಾರಿಯಲ್ಲಿ, ನೋವಾ ಸ್ಕೋಷಿಯಾದ ಯಾರ್ಮತ್ತಿನಲ್ಲಿ, ಒಂದೂವರೆ ಡಾಲರಿನ ತಗಡಿನ ಗಡಿಯಾರವೊಂದನ್ನು, ಅದರ ಮುಖ ಒಡೆದಿದ್ದ ಕಾರಣ, ಒಂದು ಡಾಲರಿಗೆ ಕೊಂಡನು.

ಈ ಗಡಿಯಾರದ ಕಥೆಯನ್ನು ಓದುಗರು ವಿನೋದವೆಂದು ಸ್ವೀಕರಿಸುತ್ತಾರೆ. ಸ್ಲೋಕಮನೂ ಅದನ್ನು ವಿನೋದವಾಗಿಯೇ ಬರೆದಿದ್ದಾನೆ. ಆದರೆ ಚರಿತ್ರಕಾರನು ಇಲ್ಲಿ ತಡೆದು ನಿಲ್ಲಬೇಕು. ಪೆಸಿಫಿಕ್ ಸಾಗರದಲ್ಲಿ, ಹ್ವಾನ್ ಫರ್ನಾಂಡಿಸ್ ದ್ವೀಪವನ್ನು ಬಿಟ್ಟ 43ನೆಯ ದಿನ, ಅವನು ಸೂರ್ಯಚಂದ್ರರ ನಡುವಣ ಕೋನವನ್ನು ಅಳೆದು ರೇಖಾಂಶವನ್ನು ಗುಣಿಸಿದನು. ಲೆಕ್ಕ ಹೊಂದಲಿಲ್ಲ. ದೋಷವು ತನ್ನ ವೀಕ್ಷಣೆಯಲ್ಲಿರದೆ ಮುದ್ರಿತ ಕೋಷ್ಟಕದಲ್ಲಿಯೇ ಇದೆಯೆಂದು ಕಂಡುಕೊಂಡು, ಅದನ್ನು ತಿದ್ದಿ ಮುಂದುವರಿದನು. ಅಂದರೆ ಅವನು ಕ್ರೊನೋಮೀಟರನ್ನು ತ್ಯಜಿಸಿದುದು ಅಜ್ಞಾನದಿಂದಲ್ಲ. ಅದರ ಸ್ಥಾನವನ್ನು ತುಂಬುವ ವಿದ್ಯೆ ಅವನಲ್ಲಿತ್ತು. ಆ ವಿದ್ಯೆಯಿಲ್ಲದವನು ತಗಡಿನ ಗಡಿಯಾರವನ್ನು ಅನುಕರಿಸಿದರೆ ಅದು ಮಿತವ್ಯಯವಾಗದೆ ಆತ್ಮಘಾತವಾದೀತು.

ಪ್ರಯಾಣ ಆರಂಭವಾದ ಮೇಲೆಯೂ ದೋಣಿಯ ತಿದ್ದುಪಡಿ ನಿಲ್ಲಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ, ದಕ್ಷಿಣದ ಬಿರುಗಾಳಿಗಳನ್ನು ಎದುರಿಸುವ ಮುನ್ನ, ಹಾಯಿಯನ್ನು ಹೊರುವ ಕೂವೆಮರವನ್ನು ಇಳಿಸಿ ಏಳು ಅಡಿಗಳಷ್ಟು ಮೊಟಕುಗೊಳಿಸಿದನು. ದೋಣಿಯ ಮುಂತುದಿಯಿಂದ ಹೊರಚಾಚಿದ ಮರವನ್ನೂ ಸುಮಾರು ಐದು ಅಡಿ ಕಡಿಮೆ ಮಾಡಿದನು. ಅದರ ತುದಿಯಲ್ಲಿ ಕುಳಿತು ಹಾಯಿ ಕಟ್ಟುವಾಗ, ಇನ್ನೊಂದು ಅಡಿಯನ್ನು ಕತ್ತರಿಸಬೇಕಾಗಿತ್ತೆಂದು ಪಶ್ಚಾತ್ತಾಪಪಟ್ಟುದುಂಟು. 1896ರಲ್ಲಿ ಮ್ಯಾಗೆಲನ್ ಜಲಸಂಧಿಯ ಬಿರುಗಾಳಿಗಳಿಂದ ಜರ್ಝರಿತವಾದ ಮೇಲೆ, ಹಿಂಭಾಗದಲ್ಲಿ ಎರಡನೆಯದೊಂದು ಚಿಕ್ಕ ಕೂವೆಯನ್ನೂ ಹಾಯಿಯನ್ನೂ ನಿಲ್ಲಿಸಿದನು. ಸಮೋವಾದಲ್ಲಿ ಕಾದಂಬರಿಕಾರ ಸ್ಟೀವನ್‌ಸನ್ನನ ವಿಧವೆ ಕೊಟ್ಟ ಬಿದಿರು, ಮುಂದೆ ಹೆಚ್ಚಿನ ಹಾಯಿಯೊಂದಕ್ಕೆ ಆಧಾರವಾಯಿತು. ಹಾಯಿಗಳ ಹೊಂದಾಣಿಕೆ ಸರಿಯಾದಾಗ ಚುಕ್ಕಾಣಿಯ ಚಕ್ರವನ್ನು ಕಟ್ಟಿಹಾಕಿದರೆ ‘ಸ್ಪ್ರೇ’ ತಾನಾಗಿಯೇ ದಾರಿಯನ್ನು ಹಿಡಿದು ಸಾಗುತ್ತಿತ್ತು. ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲುಗಳನ್ನು 23 ದಿನಗಳಲ್ಲಿ ಕ್ರಮಿಸಿದಾಗ, ಅವನು ಚುಕ್ಕಾಣಿ ಹಿಡಿದುದು ಮೂರು ಗಂಟೆಗಳಿಗಿಂತ ಹೆಚ್ಚಲ್ಲವೆಂದು ಹೇಳಿಕೊಂಡಿದ್ದಾನೆ. 1898ರ ಜೂನ್ 27ರಂದು ನ್ಯೂಪೋರ್ಟ್ ಬಂದರನ್ನು ಸೇರಿ, ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನೆನಿಸಿದನು.

ಈ ವೃತ್ತಾಂತಕ್ಕೆ ಮುಖ್ಯ ಸಾಕ್ಷಿ 1900ರಲ್ಲಿ ಪ್ರಕಟವಾದ ಸ್ಲೋಕಮನ ಗ್ರಂಥವೇ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಗೆದ್ದವನ ಮಾತಿನಲ್ಲಿ ದೋಣಿಯ ಗುಣಗಳು ಎದ್ದುಕಾಣುತ್ತವೆ, ದೋಷಗಳು ಮರೆಯಾಗುತ್ತವೆ. ಅದರ ಭಾರವೆಲ್ಲ ಒಳಗಿತ್ತು. ಹೊರಗಿನ ಅಡಿತೊಲೆಗೆ ಸೀಸ ಕಬ್ಬಿಣಗಳ ತೂಕವನ್ನು ಕಟ್ಟಿರಲಿಲ್ಲ. ಇಂಥ ಅಗಲದೋಣಿ ಸಾಧಾರಣವಾಗಿ ಬಲು ಸ್ಥಿರವಾದರೂ, ಒಂದು ಮಿತಿಯನ್ನು ಮೀರಿ ವಾಲಿದರೆ ಮರಳಿ ಏಳಲಾರದೆಂದು ನಂತರದ ನೌಕಾಶಿಲ್ಪಿಗಳು ಎಚ್ಚರಿಸಿದರು. 1909ರ ನವೆಂಬರಿನಲ್ಲಿ ಅದೇ ದೋಣಿಯಲ್ಲಿ ದಕ್ಷಿಣಕ್ಕೆ ಹೊರಟ ಸ್ಲೋಕಮನು ಹಿಂದಿರುಗಲಿಲ್ಲ, ದೋಣಿಯೂ ಸಿಕ್ಕಲಿಲ್ಲ. ಕಾರಣವನ್ನು ಊಹಿಸುವುದು ನಮ್ಮ ಕೆಲಸವಲ್ಲ. ಆದರೆ ಒಮ್ಮೆ ಮಾಡಿದ ಜೀರ್ಣೋದ್ಧಾರ ಶಾಶ್ವತವಲ್ಲವೆಂಬುದಷ್ಟನ್ನು ಹೇಳಬಹುದು. ಹದಿನೈದು ವರ್ಷಗಳಲ್ಲಿ ದೋಣಿಗೂ ವಯಸ್ಸಾಗಿತ್ತು, ಅರುವತ್ತನ್ನು ದಾಟಿದ್ದ ಒಡೆಯನಿಗೂ ವಯಸ್ಸಾಗಿತ್ತು.

ಸ್ಲೋಕಮನ ವಿವೇಚನೆ ಅವನೊಬ್ಬನ ವಿಚಿತ್ರಸ್ವಭಾವವಲ್ಲವೆಂಬುದಕ್ಕೆ ಭಾರತದೊಡನೆ ಸಂಬಂಧವುಳ್ಳ ಒಂದು ನಿದರ್ಶನವಿದೆ. ರಾಬಿನ್ ನಾಕ್ಸ್-ಜಾನ್‌ಸ್ಟನ್ನನ ‘ಸುಹೈಲಿ’, 1960ರ ದಶಕದ ಮೊದಲರ್ಧದಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ ನಿರ್ಮಿತವಾದ 32 ಅಡಿಗಳ ದೋಣಿ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ತಿನಿಂದ ಹೊರಟು, ಎಲ್ಲಿಯೂ ದಡ ಸೇರದೆ, 312 ದಿನಗಳಲ್ಲಿ ಅಲ್ಲಿಗೇ ಮರಳಿತು. ಯಾತ್ರೆಗಾಗಿ ಹೊಸದಾಗಿ ಕೂಡಿಸಿದ್ದ, ಗಾಳಿಯ ಬಲದಿಂದ ದೋಣಿಯನ್ನು ತಾನೇ ನಡೆಸುವ ಯಂತ್ರ ಆಸ್ಟ್ರೇಲಿಯಾದ ಸಮೀಪದಲ್ಲಿ ಮುರಿಯಿತು. ರೇಡಿಯೋ ಮೊದಲೇ ಕೆಟ್ಟಿತ್ತು. ಅಲ್ಲಿಂದ ಮುಂದೆ ಸ್ಲೋಕಮನಂತೆಯೇ ಹಾಯಿಗಳ ಸಮತೋಲದಿಂದ ದೋಣಿ ನಡೆಯಿತು. ಅಡಿಭಾಗದ ಸಂದು ಸೋರಿದಾಗ ನಾಕ್ಸ್-ಜಾನ್‌ಸ್ಟನ್ನನು ನಡುಗಡಲಿನಲ್ಲಿ ನೀರಿಗಿಳಿದು, ತಾಮ್ರದ ಪಟ್ಟಿಯನ್ನು ಬಡಿದು ಅದನ್ನು ಮುಚ್ಚಿದನು. ಆ ಯಾತ್ರೆಯ ಸ್ಮರಣಾರ್ಥವಾಗಿ 2018ರಲ್ಲಿ ಹಳೆಯ ವಿನ್ಯಾಸದ ದೋಣಿಗಳಿಗೆಂದೇ ನಡೆದ ಸ್ಪರ್ಧೆಯಲ್ಲಿ, ಗೆದ್ದ ಫ್ರಾನ್ಸಿನ ಜ್ಯಾನ್-ಲ್ಯೂಕ್ ವಾನ್ ಡೆನ್ ಹೀಡೆ ಹೊರಡುವ ಮುನ್ನ ಮಾಡಿದ್ದ ಮಾರ್ಪಾಡುಗಳಲ್ಲಿ ಕೂವೆಯನ್ನು ಸುಮಾರು ಒಂದೂವರೆ ಮೀಟರು ಗಿಡ್ಡಗೊಳಿಸಿದುದೂ ಒಂದು. ಬ್ಯೂನಸ್ ಐರಿಸ್‌ನ ಗರಗಸದ ನೆನಪು ಇಲ್ಲಿ ಬಾರದಿರದು.

ಮೇಲಿನ ಸಂಗತಿಗಳಿಂದ ಮೂರು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಹಳೆಯ ದೋಣಿಗೆ ಸಲಕರಣೆಯನ್ನು ಕೂಡಿಸುವ ಮುನ್ನ ಒಡಲಿನ ಬಲವನ್ನು ಪರೀಕ್ಷಿಸುವುದು ಅಗತ್ಯ; ಕೊಳೆತ ಅಡಿತೊಲೆಯ ಮೇಲೆ ಉತ್ತಮ ಹಾಯಿ ವ್ಯರ್ಥ. ಎರಡನೆಯದಾಗಿ, ಸುಧಾರಣೆಯೆಂಬುದು ಯಾವಾಗಲೂ ಕೂಡಿಸುವುದಲ್ಲ. ಅನೇಕ ವೇಳೆ ಕಳೆಯುವುದು. ಮೂರನೆಯದಾಗಿ, ಒಂದು ಸಲಕರಣೆಯ ಯೋಗ್ಯತೆ ಅದರ ಬೆಲೆಯಲ್ಲಿಲ್ಲ. ಅದು ಕೆಟ್ಟ ದಿನ ಅದನ್ನು ಸರಿಪಡಿಸಲು, ಇಲ್ಲವೆ ಅದಿಲ್ಲದೆ ನಡೆಸಲು ಬಲ್ಲ ಕೈ ಇದೆಯೇ ಎಂಬುದರಲ್ಲಿದೆ. ತಂತ್ರಜ್ಞಾನದ ಚರಿತ್ರೆಯನ್ನು ಹೊಸ ಯಂತ್ರಗಳು ಬಂದ ತೇದಿಗಳ ಪಟ್ಟಿಯಾಗಿ ಬೋಧಿಸುವ ರೂಢಿ ನಮ್ಮ ತರಗತಿಗಳಲ್ಲಿದೆ. ಆ ಪಟ್ಟಿಯಲ್ಲಿ ಮುಖ ಒಡೆದ ಒಂದು ಡಾಲರಿನ ಗಡಿಯಾರಕ್ಕೆ ಸ್ಥಾನವಿಲ್ಲ. ಆದರೂ ಅದನ್ನಿಟ್ಟುಕೊಂಡು ಒಬ್ಬನು ಭೂಮಿಯನ್ನು ಸುತ್ತಿ ಬಂದನು. ಆ ಗಡಿಯಾರದ ಹಿಂದಿದ್ದ ವಿದ್ಯೆಯನ್ನೂ ದುರಸ್ತಿಯ ದುಡಿಮೆಯನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರುವುದು ಅಧ್ಯಾಪಕರಾದ ನಮ್ಮ ಹೊಣೆಯೆಂದು ಭಾವಿಸುತ್ತೇವೆ.