ಎಳೆಯ ಮಕ್ಕಳು ಮತ್ತು ಮನೆಯೊಳಗಿನ ಅಪಾಯಗಳು: ಹೆತ್ತವರು ಅರಿತಿರಬೇಕಾದ ಸಂಗತಿಗಳು

ಮಗು ಬಿದ್ದು ಪೆಟ್ಟು ಮಾಡಿಕೊಂಡರೆ, ಸುಟ್ಟುಕೊಂಡರೆ ಅದನ್ನು ಗ್ರಹಚಾರವೆಂದು ಸಮಾಧಾನಪಟ್ಟುಕೊಳ್ಳುವುದು ನಮ್ಮ ರೂಢಿ. ಆದರೆ ಮನೆಯೊಳಗಿನ ಅವಘಡಗಳಲ್ಲಿ ಬಹುಪಾಲು ತಡೆಯಬಹುದಾದವು. ಊರಿನ ತುಂಬಿದ ಮನೆಯಲ್ಲಿ ಮಗುವಿನ ಮೇಲೆ ಹತ್ತು ಕಣ್ಣುಗಳಿರುತ್ತಿದ್ದವು. ಮುಂಬಯಿ, ಪುಣೆಗಳ ಚಿಕ್ಕ ಫ್ಲ್ಯಾಟುಗಳಲ್ಲಿ ಆ ಹೊಣೆ ಒಬ್ಬಿಬ್ಬರ ಪಾಲಿಗೆ ಬಂದಿದೆ. ಆದುದರಿಂದ ಮಗು ಮುಂದೇನು ಕಲಿಯಲಿದೆ ಎಂಬುದನ್ನರಿತು, ಅದಕ್ಕಿಂತ ಮೊದಲೇ ಮನೆಯನ್ನು ಅಣಿಗೊಳಿಸುವುದು ಅಗತ್ಯ.

ಹೆಚ್ಚಿನ ಶಿಶುಗಳು 4ರಿಂದ 6 ತಿಂಗಳೊಳಗೆ ಹೊರಳಲು ಕಲಿಯುತ್ತವೆ. ಮೊದಲ ಹೊರಳು ಎಂದೆಂದು ಯಾರೂ ಹೇಳಲಾರರು. ಹುಟ್ಟಿದಂದಿನಿಂದಲೇ ಮಂಚ, ಸೋಫಾಗಳ ಮೇಲೆ ಮಗುವನ್ನು ಒಂಟಿಯಾಗಿ ಬಿಡಬಾರದು.

ಅಂಬೆಗಾಲಿಡುವ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಉಸಿರ್ಗೊಳವೆಯನ್ನು ಮುಚ್ಚಬಲ್ಲವು. ಆಟಿಕೆ, ರಿಮೋಟುಗಳ ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಲುಕಿದರೆ 2 ಗಂಟೆಗಳಲ್ಲೇ ಒಳಗೆ ತೀವ್ರವಾಗಿ ಸುಡಬಹುದು. ನುಂಗಿದ ಸಂಶಯವಿದ್ದರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಹಿಡಿದು ನಿಲ್ಲುವ ಮಗುವಿಗೆ ಬಿಸಿ ಚಹಾದ ಲೋಟ, ಇಸ್ತ್ರಿಪೆಟ್ಟಿಗೆಯ ತಂತಿ ಎಟಕುತ್ತವೆ. ನಲ್ಲಿ ನೀರು ನಿಗದಿತ ಹೊತ್ತಿಗಷ್ಟೇ ಬರುವ ಮನೆಗಳಲ್ಲಿ ಬಕೆಟ್ಟು, ಡ್ರಮ್ಮುಗಳು ಸದಾ ತುಂಬಿರುತ್ತವೆ. ಕೆಲವೇ ಅಂಗುಲ ನೀರಿನಲ್ಲೂ ಮಗು ಸದ್ದಿಲ್ಲದೆ ಮುಳುಗಬಹುದು. ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿರಬೇಕು. ಹತ್ತಲು ಕಲಿತ ಮೇಲೆ ಬಾಲ್ಕನಿಯಲ್ಲಿ ಕುರ್ಚಿ, ಸ್ಟೂಲುಗಳು ಬೇಡ. ಕಿಟಕಿಗೆ ಭದ್ರವಾದ ಸರಳುಗಳಿರಲಿ. ಫಿನಾಯಿಲ್, ಸೀಮೆಎಣ್ಣೆಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಲೇಬಾರದು.

ಮಗುವನ್ನು ಕೂರಿಸಿ ಓಡಾಡಿಸುವ ವಾಕರ್ ನಡಿಗೆ ಕಲಿಸುವುದಿಲ್ಲ, ಅಪಾಯದೆಡೆಗೆ ವೇಗವಾಗಿ ಒಯ್ಯುತ್ತದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಅವಘಡ ನಡೆದಾಗ:

1. ಸುಟ್ಟ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ತುಪ್ಪ, ಮಂಜುಗಡ್ಡೆ ಸಲ್ಲದು.
2. ವಿಷವಸ್ತು ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಬಾಟಲಿಯೊಂದಿಗೆ ಆಸ್ಪತ್ರೆಗೆ ಧಾವಿಸಬೇಕು.
3. ಗಂಟಲು ಕಟ್ಟಿ ಕೆಮ್ಮಲೂ ಅಳಲೂ ಆಗದ, ವರ್ಷ ತುಂಬದ ಶಿಶುವನ್ನು ತಲೆ ತಗ್ಗಾಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಭುಜದೆಲುಬುಗಳ ನಡುವೆ 5 ಬಾರಿ ತಟ್ಟಬೇಕು. ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ 5 ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಪುನರಾವರ್ತಿಸಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು. ಜೊತೆಯಲ್ಲಿದ್ದವರು 112ಕ್ಕೆ ಕರೆ ಮಾಡಲಿ.

ಈ ತಿಳಿವಳಿಕೆ ತಾಯಿಗಷ್ಟೇ ಸೀಮಿತವಾದರೆ ಸಾಲದು. ತಂದೆ, ಅಜ್ಜ, ಅಜ್ಜಿ, ಮನೆಗೆಲಸದವರೂ ಅರಿತಿರಬೇಕು. ಇಂದೇ ಒಮ್ಮೆ ನೆಲದ ಮೇಲೆ ಕುಳಿತು, ಮಗುವಿನ ಕಣ್ಣಿನ ಎತ್ತರದಿಂದ ಮನೆಯನ್ನು ನೋಡೋಣ. ನಿಂತಾಗ ಕಾಣದ ಅಪಾಯಗಳು ಆಗ ಕಾಣುತ್ತವೆ.