ಹೊಸ ಕಂಪ್ಯೂಟರಿಗೆ ಕನ್ನಡ ಹಾಕಿಸುವುದು

‘ಕನ್ನಡ ಹಾಕಿಸುವುದು’ ಎಂಬ ಮಾತು ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಹೊಸ ಕಂಪ್ಯೂಟರಿನಲ್ಲಿ ಎಲ್ಲವೂ ಇರುತ್ತಿತ್ತು, ನಮ್ಮ ಲಿಪಿಯೊಂದನ್ನು ಬಿಟ್ಟು. ಬೇರೆ ತಂತ್ರಾಂಶಗಳಲ್ಲಿ ಯಾವುದು ಇರಲಿ, ಯಾವುದು ಹೋಗಲಿ ಎಂಬುದು ಅನುಕೂಲದ ಪ್ರಶ್ನೆ. ನುಡಿಯೋ ಬರಹವೋ ಶ್ರೀಲಿಪಿಯೋ ಎಂಬುದು ಹಾಗಲ್ಲ. ಬರೆದದ್ದನ್ನು ಮುಂದೆ ಯಾರು ಓದಬಲ್ಲರು ಎಂಬುದನ್ನೇ ಅದು ತೀರ್ಮಾನಿಸುತ್ತಿತ್ತು. ಏಕೆಂದರೆ ಈ ತಂತ್ರಾಂಶಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟವು: ಬೆರಳು ಒತ್ತುವ ಕೀಲಿಮಣೆ, ಕಣ್ಣಿಗೆ ಕಾಣುವ ಅಕ್ಷರರೂಪ, ಕಡತದೊಳಗೆ ಉಳಿಯುವ ಸಂಕೇತ. ಹಾಕಿಸಿಕೊಂಡವರು ಮೊದಲೆರಡನ್ನು ನೋಡಿ ಆರಿಸಿದರು. ಮೂರನೆಯದು ಅವರಿಗೆ ಕಾಣದೆಯೇ ಜೊತೆಗೆ ಬಂತು. ತೊಡಕೆಲ್ಲ ಹುಟ್ಟಿದ್ದು ಆ ಮೂರನೆಯದರಿಂದ; ಕಳಚಬೇಕಿದ್ದದ್ದೂ ಅದೊಂದನ್ನೇ.

ಕೀಲಿಮಣೆಯಂತೂ ನಿಜವಾದ ಸಾಧನೆ. ಕೆ. ಪಿ. ರಾವ್ ಅವರ ವಿನ್ಯಾಸವು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ಕೂರಿಸಿತು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಒತ್ತಕ್ಷರಕ್ಕೆ ‘ಎಫ್’ ಕೊಂಡಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದೇ ಒತ್ತು ಸಾಕು. ವ್ಯಂಜನ, ಸ್ವರ, ಸಂಯುಕ್ತಾಕ್ಷರ ಎಂಬ ನಮ್ಮ ವ್ಯಾಕರಣದ ಕ್ರಮವನ್ನೇ ಬೆರಳಿಗೆ ಕಲಿಸಿದ ವಿನ್ಯಾಸವಿದು. ಕನ್ನಡ ಗಣಕ ಪರಿಷತ್ತು ರೂಪಿಸಿ, ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿದ ನುಡಿ ಇದೇ ಜಾಡು ಹಿಡಿಯಿತು. 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ, ಇಂಗ್ಲಿಷ್ ಕಾಗುಣಿತದಲ್ಲಿ ಬರೆದದ್ದನ್ನು ಕನ್ನಡವಾಗಿಸಿ ಪರದೇಶದ ಕನ್ನಡಿಗರನ್ನೂ ತಲುಪಿತು.

ಆದರೆ ಕಡತದ ಒಳಗೆ ನಡೆಯುತ್ತಿದ್ದದ್ದು ಬೇರೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರತುಣುಕುಗಳನ್ನು ಇಡಲಾಗಿತ್ತು. ಅದೇ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ತುಣುಕುಗಳನ್ನು ಜೋಡಿಸುತ್ತಿತ್ತು, ಅಕ್ಷರಗಳನ್ನಲ್ಲ.

ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ಕೊಟ್ಟಿರಲಿಲ್ಲವೇ, ಅದನ್ನು ಬಿಟ್ಟು ಇವನ್ನೇಕೆ ಹಾಕಿಸಿಕೊಂಡರು ಎಂದು ಆಕ್ಷೇಪಿಸಬಹುದು. ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದು ನಿಜ, ಆದರೆ ವಿಂಡೋಸಿನಲ್ಲಿ ಕನ್ನಡ ಮೂಡಲು 2001ರ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟ್ ಬರಬೇಕಾಯಿತು. ನಡುವಿನ ಆ ಹತ್ತು ವರ್ಷ ಕನ್ನಡ ಕಾಯಬೇಕಿತ್ತೆಂದು ಹೇಳುವುದು ಅನ್ಯಾಯ. ಪುಸ್ತಕ ಅಚ್ಚಾಗಬೇಕಿತ್ತು, ಆದೇಶ ಹೊರಡಬೇಕಿತ್ತು. ಹಾಗಾದರೆ 2001ರ ನಂತರ? ಎಕ್ಸ್‌ಪಿ ಕೊಟ್ಟ ಕೀಲಿಮಣೆ ಇನ್‌ಸ್ಕ್ರಿಪ್ಟ್, ಕೆ. ಪಿ. ರಾವ್ ವಿನ್ಯಾಸದಲ್ಲಿ ಪಳಗಿದ ಬೆರಳುಗಳಿಗೆ ಅದು ಪರಕೀಯ. ಅಚ್ಚಿನ ಪುಟ ಕಟ್ಟುವವರು ನೆಚ್ಚಿದ್ದ ಪೇಜ್‌ಮೇಕರಿಗಂತೂ ಯುನಿಕೋಡ್ ಕನ್ನಡ ಗೊತ್ತೇ ಇರಲಿಲ್ಲ. ಅದರ ವಾರಸುದಾರ ಇನ್‌ಡಿಸೈನ್ ಕನ್ನಡವನ್ನು ಸರಿಯಾಗಿ ಜೋಡಿಸತೊಡಗಿದ್ದು 2012ರ ಆವೃತ್ತಿಯಲ್ಲಿ. ಹೀಗಾಗಿ ಹಳೆಯ ಗಂಟಿಗೆ ಜನ ಅಂಟಿಕೊಂಡದ್ದನ್ನು ಸೋಮಾರಿತನ ಎನ್ನಲಾಗದು. ಕೀಲಿಮಣೆಗಾಗಿ ನುಡಿಯನ್ನು ಹಾಕಿಸಿದವರು ಹಳೆಯ ಸಂಕೇತವನ್ನೂ ಮನೆಗೆ ತಂದರು, ಅಷ್ಟೆ. ಮುಂದೆ ನುಡಿ, ಬರಹ ಎರಡೂ ಯುನಿಕೋಡಿನಲ್ಲಿ ಬರೆಯುವ ಅವಕಾಶ ಕೊಟ್ಟಾಗ ಗಂಟು ಸಡಿಲವಾಯಿತು: ಅದೇ ಬೆರಳು, ಬೇರೆ ಸಂಕೇತ.

ಇಂದು ಹೊಸ ಕಂಪ್ಯೂಟರಿನಲ್ಲಿ ಏನನ್ನೂ ಹಾಕಿಸದೆ ಕನ್ನಡ ಓದಬಹುದು. ಹಾಗಾಗಿ ಹಳೆಯ ಫಾಂಟುಗಳನ್ನು ಅಳಿಸಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದನ್ನು ಒಪ್ಪುವುದು ಕಷ್ಟ. ಎರಡು ದಶಕಗಳ ಹಸ್ತಪ್ರತಿ, ನಡಾವಳಿ, ಪ್ರಬಂಧಗಳು ಇನ್ನೂ ಆ ತುಣುಕುಗಳಲ್ಲೇ ಇವೆ. ಪರಿವರ್ತಕಗಳಿವೆ, ಆದರೆ ಅವುಗಳ ಕೆಲಸ ಬರೀ ಅದಲುಬದಲಲ್ಲ. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಅರ್ಕಾವತ್ತು ಕಾಣುವುದು ಯಕಾರದ ನಂತರ. ಹಳೆಯ ಕಡತದಲ್ಲಿ ಉಳಿದಿರುವುದೂ ಅದೇ ಕ್ರಮದಲ್ಲಿ. ಯುನಿಕೋಡಿನಲ್ಲಿ ರಕಾರ ಉಚ್ಚಾರಣೆಯಂತೆ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸುವಲ್ಲಿ ಪರಿವರ್ತಕ ಎಡವಿತೇ ಎಂದು ನೋಡಲು ಮೂಲವನ್ನು ತೆರೆದು ಪಕ್ಕದಲ್ಲಿಟ್ಟುಕೊಳ್ಳಬೇಕು, ಅದಕ್ಕೆ ಹಳೆಯ ಫಾಂಟು ಅಲ್ಲಿರಬೇಕು.