ಅಪ್ಪನ ಜನತಾ ವಾಚು, ನನ್ನ ಎಂಟನೇ ವಾಚು

ಈ ಸಲ ಆಯುಧಪೂಜೆಗೆ ಮನೆಯ ಸಾಮಾನೆಲ್ಲ ಒರೆಸಿ ಇಡುವಾಗ ನನ್ನ ಬೀರುವಿನ ಕೆಳಗಿನ ಖಾನೆಯಿಂದ ವಾಚುಗಳು ಒಂದೊಂದಾಗಿ ಹೊರಗೆ ಬಂದವು. ಎಣಿಸಿದೆ... ಏಳು! ಅದರಲ್ಲಿ ಓಡುತ್ತಿದ್ದದ್ದು ಎರಡು ಮಾತ್ರ. ಉಳಿದ ಐದರ ಬ್ಯಾಟರಿ ಮುಗಿದು ಎಷ್ಟು ಕಾಲವಾಗಿತ್ತೋ ನನಗೇ ನೆನಪಿಲ್ಲ. ತಮಾಷೆ ಏನಪ್ಪಾ ಅಂದರೆ, ಹಿಂದಿನ ರಾತ್ರಿ ತಾನೇ ಫೋನಿನಲ್ಲಿ ಎಂಟನೆಯದೊಂದನ್ನು ನೋಡಿ ಕಾರ್ಟಿಗೆ ಹಾಕಿಟ್ಟಿದ್ದೆ. ಹಬ್ಬದ ಆಫರ್ ಇತ್ತು ನೋಡಿ :)

ಅದೇ ಖಾನೆಯ ಮೂಲೆಯಲ್ಲಿ ಹಳೇ ಕರ್ಚೀಫಿನಲ್ಲಿ ಸುತ್ತಿಟ್ಟ ಅಪ್ಪನ ಎಚ್.ಎಂ.ಟಿ. ಜನತಾ ಇತ್ತು. ಅಪ್ಪ ಹೋಗಿ ಆರು ವರ್ಷ. ಸುಮ್ಮನೆ ಕೀ ಕೊಟ್ಟೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಟಿಕ್ ಟಿಕ್ ಅಂತ ಶುರುವಾಗೇ ಬಿಟ್ಟಿತು!

ಬರೆಯುವುದಕ್ಕೆ ಒಳ್ಳೇ ವಿಷಯ ಸಿಕ್ಕಿತು ಅಂತ ಖುಷಿಯಾಯಿತು. 'ಅಂದಿನವರ ತೃಪ್ತಿ, ಇಂದಿನವರ ಆಸೆಬುರುಕತನ' ಅಂತ ಮನಸ್ಸಿನಲ್ಲೇ ತಲೆಬರಹವನ್ನೂ ಹಾಕಿಕೊಂಡೆ. ಅಮ್ಮನಿಗೆ ಹೇಳಿದೆ, "ನೋಡಮ್ಮ, ಅಪ್ಪ ಒಂದೇ ವಾಚಲ್ಲಿ ಜೀವನ ಕಳೆದ್ರು. ಎಂಥ ತೃಪ್ತಿ ಅಲ್ವಾ?"

ಕುಂಬಳಕಾಯಿಗೆ ಕುಂಕುಮ ಹಚ್ಚುತ್ತಿದ್ದ ಅಮ್ಮ ತಲೆ ಎತ್ತದೇ ಹೇಳಿದಳು: "ತೃಪ್ತಿಯೂ ಇಲ್ಲ, ಗಿಪ್ತಿಯೂ ಇಲ್ಲ ಕಣೋ. ಕಾಂಚನ್ ವಾಚು ಬೇಕು ಅಂತ ನಿಮ್ಮಪ್ಪ ಎಷ್ಟು ವರ್ಷ ಒದ್ದಾಡಿದ್ರು ಗೊತ್ತಾ? ಕೇಳಿದ ಕಡೆಯೆಲ್ಲ ಸ್ಟಾಕಿಲ್ಲ ಅನ್ನೋರು. ಸಿಕ್ಕಿದಾಗ ಇವರ ಹತ್ರ ದುಡ್ಡಿರ್ಲಿಲ್ಲ."

ನನ್ನ ಲೇಖನ ಅಲ್ಲಿಗೇ ಮುಗಿಯಿತು. ಆದರೆ ಅಮ್ಮನ ಮಾತು ಬಿಡಲಿಲ್ಲ. ಅಪ್ಪನಿಗೆ ಒಂದೇ ವಾಚು, ನನಗೆ ಏಳು... ಈ ನಡುವೆ ಆದದ್ದು ಏನು? ನಮ್ಮಪ್ಪ ದೊಡ್ಡ ಮನುಷ್ಯ, ನಾನು ಆಸೆಬುರುಕ, ಇಷ್ಟೇನಾ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಅನ್ನಿಸಿತು.

ಎಚ್.ಎಂ.ಟಿ. ಹುಟ್ಟಿದ್ದು ವಾಚು ಮಾಡುವುದಕ್ಕಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಶುರುವಾದಾಗ ಅದರ ಕೆಲಸ ಲೇತು, ಮಿಲ್ಲಿಂಗ್ ಮೆಷಿನ್ನುಗಳನ್ನು ತಯಾರಿಸುವುದು. ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳು. ಆಗ ನಮ್ಮಲ್ಲಿ ಕೈಗಡಿಯಾರ ಅಂದರೆ ಹೊರದೇಶದ್ದು, ಹೆಚ್ಚಿನವು ಸ್ವಿಸ್. ಐವತ್ತರ ದಶಕದ ಕೊನೆಗೆ ವಿದೇಶಿ ವಿನಿಮಯಕ್ಕೆ ದೇಶ ಪರದಾಡುತ್ತಿತ್ತು. ಇದ್ದಬದ್ದ ಡಾಲರು, ಪೌಂಡನ್ನು ಉಕ್ಕಿನ ಕಾರ್ಖಾನೆಗೆ ಹಾಕಬೇಕೋ, ವಾಚಿಗೆ ಹಾಕಬೇಕೋ? ಹಾಗಾಗಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ವಾಚ್ ಕಾರ್ಖಾನೆ ಆಯಿತು. 1961ರಲ್ಲಿ ಮೊದಲ ಕಂತಿನ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು.

ಹೆಸರುಗಳನ್ನೇ ನೋಡಿ: ಜನತಾ, ಜವಾನ್, ಪೈಲಟ್. ಅಂದಿನ ದೇಶದ ಮಟ್ಟಿಗೆ ವಾಚು ಅಂದರೆ ಕೆಲಸದ ಸಾಮಾನು. ಕಾರ್ಖಾನೆಯ ಶಿಫ್ಟಿಗೆ, ರೈಲಿಗೆ, ಶಾಲೆಯ ಗಂಟೆಗೆ ಬೇಕಾದದ್ದು. ಕೈಗೊಂದು ವಾಚು ಇದ್ದರೆ ಸಾಕು, ಅದು ಓಡಿದರೆ ಸಾಕು. ಹದಿನೇಳು ಜ್ಯುವೆಲ್ಲಿನ ಜನತಾ ವಾಚಿಗೆ ದಿನಾ ಬೆಳಿಗ್ಗೆ ಕೀ ಕೊಡಬೇಕು. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ನೌಕರಿ ಖಾಯಂ ಆದ ವರ್ಷ, 1972ರಲ್ಲಿ, ಅದನ್ನು ತೆಗೆದುಕೊಂಡಿದ್ದರು. ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಮುಳ್ಳು ಹೊಂದಿಸಿ ಕೀ ಕೊಡುವುದು ಅವರಿಗೆ ಒಂದು ಥರ ಸಂಧ್ಯಾವಂದನೆ.

ಆದರೆ ಅಂದಿನ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಯಾವ ವಾಚು ಎಷ್ಟು ಆಗಬೇಕು ಅಂತ ತೀರ್ಮಾನವಾಗುತ್ತಿದ್ದದ್ದು ಲೈಸೆನ್ಸು, ಯೋಜನೆಗಳ ಮೇಲೆ, ಕೊಳ್ಳುವವನ ಆಸೆಯ ಮೇಲಲ್ಲ. ಬೇಡಿಕೆ ಇರುವ ಮಾಡೆಲ್ ಬೇಕು ಅಂದರೆ ಕಾಯಬೇಕು, ಇಲ್ಲವೇ ಯಾರಾದರೂ ಗೊತ್ತಿರಬೇಕು. 'ಎಚ್.ಎಂ.ಟಿ.ಲಿ ನಮ್ಮ ಭಾವ ಇದಾನೆ' ಅನ್ನುವುದು ಬೆಂಗಳೂರು, ತುಮಕೂರು ಕಡೆ ಒಂದು ಘನತೆಯ ಮಾತಾಗಿತ್ತು. (ತುಮಕೂರಿನಲ್ಲೂ 1978ರಲ್ಲಿ ಎಚ್.ಎಂ.ಟಿ. ವಾಚ್ ಕಾರ್ಖಾನೆ ಬಂತು.) ಕಾಂಚನ್ ಆಟೊಮ್ಯಾಟಿಕ್ ವಾಚು, ಕೀ ಕೊಡುವ ಗೋಜಿಲ್ಲ, ಕೈ ಆಡಿದರೆ ಸಾಕು. ಮದುವೆಯಲ್ಲಿ ಅಳಿಯನಿಗೆ ಅದೇ ಬೇಕು ಅಂತ ಬೀಗರು ಹಟ ಹಿಡಿಯುತ್ತಿದ್ದರು. ಇನ್ನು ದುಡ್ಡಿದ್ದವರು ಕಳ್ಳಸಾಗಣೆಯ ಫಾರಿನ್ ವಾಚು ಕಟ್ಟುತ್ತಿದ್ದರು. ಎಂಬತ್ತರ ದಶಕದವರೆಗೂ ಆ ದಂಧೆ ಜೋರಾಗಿಯೇ ನಡೆದಿತ್ತು.

ಅಂದರೆ ಆಸೆ ಆಗಲೂ ಇತ್ತು ಸ್ವಾಮಿ! ಬೀರುವಿನಲ್ಲಿ ಏಳು ವಾಚು ಇರಲಿಲ್ಲ ಅಷ್ಟೇ. ಅಮ್ಮ ಹೇಳಿದ್ದು ಸರಿ. ಸಿಗದೇ ಇದ್ದದ್ದನ್ನೆಲ್ಲ ನಾವು ಈಗ ತೃಪ್ತಿ ಅಂತ ಕರೆಯುತ್ತಾ ಕೂತಿದ್ದೇವೆ.

ಇದು ಕಥೆಯ ಅರ್ಧ. ಇನ್ನರ್ಧ ಅರ್ಥವಾಗಬೇಕಾದರೆ ವಾಚು ಬಿಟ್ಟು ಸ್ವಲ್ಪ ಕಾರಿನ ಕಡೆ, ಅಮೆರಿಕದ ಕಡೆ ಹೋಗಬೇಕು. 'ಒಂದಿದ್ದರೆ ಸಾಕು' ಅನ್ನುವ ಜನರನ್ನು 'ಇನ್ನೊಂದು ಬೇಕು' ಅನ್ನುವ ಹಾಗೆ ಮಾಡುವುದು ಹೇಗೆ ಅಂತ ಅಲ್ಲಿ ನಮಗಿಂತ ಅರವತ್ತು ವರ್ಷ ಮೊದಲೇ ಕಂಡುಕೊಂಡಿದ್ದರು.

ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಬಂದದ್ದು 1908ರಲ್ಲಿ. ಒಂದು ರೀತಿ ಅದು ಅಮೆರಿಕದ ಜನತಾ ವಾಚು. ಗಟ್ಟಿ, ಸರಳ, ಊರಿನ ಕಮ್ಮಾರನೂ ರಿಪೇರಿ ಮಾಡಬಹುದು. 1914ರಿಂದ ಹತ್ತು ಹನ್ನೊಂದು ವರ್ಷ ಬರೀ ಕಪ್ಪು ಬಣ್ಣ. ಶುರುವಿನಲ್ಲಿ 850 ಡಾಲರ್ ಇದ್ದ ಬೆಲೆ ಇಪ್ಪತ್ತರ ದಶಕದ ಮಧ್ಯಕ್ಕೆ 300 ಡಾಲರಿಗಿಂತ ಕೆಳಗೆ ಇಳಿದಿತ್ತು. ಒಂದೂವರೆ ಕೋಟಿ ಕಾರು ಮಾರಿದ. ಆಮೇಲೆ? ಕಾರು ಬೇಕಾದವರೆಲ್ಲರ ಹತ್ತಿರವೂ ಕಾರು ಇದೆ, ಅದು ಕೆಡುತ್ತಲೂ ಇಲ್ಲ. ಇನ್ನು ಮಾರುವುದು ಯಾರಿಗೆ?

ಉತ್ತರ ಕಂಡುಕೊಂಡವರು ಎದುರಾಳಿ ಜನರಲ್ ಮೋಟರ್ಸಿನ ಆಲ್‌ಫ್ರೆಡ್ ಸ್ಲೋನ್. 1923ರಲ್ಲಿ ಕಂಪನಿಯ ಅಧ್ಯಕ್ಷರಾದ ಅವರು ಬಡವನಿಗೊಂದು, ಸ್ವಲ್ಪ ಅನುಕೂಲಸ್ಥನಿಗೊಂದು, ಶ್ರೀಮಂತನಿಗೊಂದು ಅಂತ ಕಾರುಗಳ ಮೆಟ್ಟಿಲು ಕಟ್ಟಿದರು. ಶೆವ್ರೊಲೆಯಿಂದ ಕ್ಯಾಡಿಲಾಕ್ ತನಕ. ಜೊತೆಗೆ ವರ್ಷ ವರ್ಷ ಹೊಸ ಬಣ್ಣ, ಹೊಸ ಆಕಾರ. ಹೋದ ವರ್ಷದ ಕಾರು ಚೆನ್ನಾಗಿ ಓಡುತ್ತದೆ, ಆದರೆ ಪಕ್ಕದ ಮನೆಯವನ ಹೊಸ ಕಾರಿನ ಪಕ್ಕ ನಿಂತರೆ ಹಳತು ಅನ್ನಿಸುತ್ತದೆ. ಫೋರ್ಡ್ ತಡೆದುಕೊಳ್ಳಲಾರದೆ 1927ರಲ್ಲಿ ಮಾಡೆಲ್ ಟಿ ನಿಲ್ಲಿಸಿದ.

ಅದೇ ಜನರಲ್ ಮೋಟರ್ಸಿನ ಸಂಶೋಧನಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ 1929ರಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹವೇ 'ಗ್ರಾಹಕನನ್ನು ಅತೃಪ್ತನಾಗಿಯೇ ಇಡಿ' ಅಂತ! ಓದಿದ ತಕ್ಷಣ ಸಿಟ್ಟು ಬರುತ್ತದೆ. ಆದರೆ ಈ ಮನುಷ್ಯ ಬರೀ ಮಾತಿನ ಮಲ್ಲ ಅಲ್ಲ. ಕಾರಿನ ಸೆಲ್ಫ್ ಸ್ಟಾರ್ಟರ್ ಮಾಡಿದವರು ಇವರೇ. ಅದಕ್ಕೆ ಮೊದಲು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. 'ಹ್ಯಾಂಡಲ್ಲೇ ಸಾಕು' ಅಂತ ಎಲ್ಲರೂ ತೃಪ್ತರಾಗಿದ್ದಿದ್ದರೆ ಕೈಗಳು ಮುರಿಯುತ್ತಲೇ ಇರುತ್ತಿದ್ದವು. ನಮ್ಮಲ್ಲೂ 'ಅಲ್ಪತೃಪ್ತ' ಅನ್ನುವುದು ಕೆಲವೊಮ್ಮೆ ಹೊಗಳಿಕೆ, ಕೆಲವೊಮ್ಮೆ ಬೈಗುಳ, ಅಲ್ಲವೇ? ತೊಂದರೆ ಏನೆಂದರೆ, ಕೈ ಮುರಿಯದ ಹಾಗೆ ಮಾಡುವ ಹೊಸತೂ, ಬರೀ ಬಣ್ಣ ಬದಲಾದ ಹೊಸತೂ ಒಂದೇ ಅಂಗಡಿಯಲ್ಲಿ, ಒಂದೇ ಮಾತಿನಲ್ಲಿ ಮಾರಾಟವಾಗುತ್ತವೆ. ಯಾವುದು ಯಾವುದು ಅಂತ ಬೇರೆ ಮಾಡುವ ಕೆಲಸ ಕೊಳ್ಳುವವನದು.

ಈಗ ವಾಪಸ್ ನಮ್ಮೂರಿಗೆ ಬರೋಣ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಟೈಟನ್ ಶುರುಮಾಡಿದವು. ಕಾರ್ಖಾನೆ ಬೆಂಗಳೂರಿನಿಂದ 40 ಕಿಲೋಮೀಟರ್ ದೂರದ ಹೊಸೂರಿನಲ್ಲಿ. ನಡೆಸಿದವರು ಕ್ಸರ್‌ಕ್ಸಿಸ್ ದೇಸಾಯಿ. 1987ರ ಹೊತ್ತಿಗೆ ವಾಚುಗಳು ಮಾರುಕಟ್ಟೆಗೆ ಬಂದವು. ಒಳಗೆ ಸ್ಪ್ರಿಂಗ್ ಬದಲು ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ ಕಂಪಿಸುವಂಥದ್ದು. ಕೀ ಕೊಡುವ ವಾಚು ದಿನಕ್ಕೆ ಎಷ್ಟೋ ಸೆಕೆಂಡು ಹಿಂದೆ ಮುಂದೆ ಆದರೆ ಇದು ತಿಂಗಳಿಗೆ ಅಷ್ಟು ಆಗಬಹುದು. ಎಚ್.ಎಂ.ಟಿ. ಕೂಡ ಕ್ವಾರ್ಟ್ಜ್ ಮಾಡಿತ್ತು, ಆದರೆ ಅದರ ಮನಸ್ಸೆಲ್ಲ ಹಳೇ ಸ್ಪ್ರಿಂಗಿನ ಮೇಲೇ ಇತ್ತು.

ಟೈಟನ್ ಬದಲಾಯಿಸಿದ್ದು ಬರೀ ಯಂತ್ರ ಅಲ್ಲ. ಗಾಜಿನ ಕೆಳಗೆ ಧೂಳು ಹಿಡಿದು ಕೂತಿದ್ದ ವಾಚು ಬೆಳಕು ಬಿದ್ದ ಶೋರೂಮಿಗೆ ಬಂತು. ಹೆಂಗಸರಿಗೆ ಅಂತಲೇ ಚೆಂದದ ವಿನ್ಯಾಸಗಳು ಬಂದವು. ಟಿವಿಯಲ್ಲಿ ಮೊಜಾರ್ಟನ 25ನೇ ಸಿಂಫನಿಯ ಆ ತುಣುಕು... ಕೇಳಿದರೆ ಇವತ್ತಿಗೂ ನಮ್ಮ ತಲೆಮಾರಿನವರಿಗೆ ಮೊದಲು ನೆನಪಾಗುವುದು ಟೈಟನ್ನೇ! ವಾಚು ಅಂದರೆ ಉಡುಗೊರೆ ಅನ್ನುವುದು ಗಟ್ಟಿಯಾಯಿತು. ಉಡುಗೊರೆಗೆ ಲೆಕ್ಕ ಎಲ್ಲಿದೆ? ಹುಟ್ಟುಹಬ್ಬಕ್ಕೊಂದು, ಆನಿವರ್ಸರಿಗೊಂದು. ಇದನ್ನು ನಾನು ತಪ್ಪು ಅನ್ನಲಾರೆ. ಕೊಳ್ಳುವವನನ್ನು ಅಂಗಡಿಯವರು ಮರ್ಯಾದೆಯಿಂದ ಮಾತಾಡಿಸಿದ್ದು ನಮ್ಮಲ್ಲಿ ಎಷ್ಟೋ ಜನಕ್ಕೆ ಅದೇ ಮೊದಲು.

ಅದೇ ಕಂಪನಿಯಿಂದ 1998ರಲ್ಲಿ ಹುಡುಗ ಹುಡುಗಿಯರಿಗಾಗಿ ಫಾಸ್ಟ್‌ಟ್ರ್ಯಾಕ್ ಬಂತು. 2005ರ ಸುಮಾರಿಗೆ ಅದರ ಜಾಹೀರಾತು ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು: ನಿನ್ನ ಹತ್ತಿರ ಎಷ್ಟಿವೆ? ನನ್ನ ಮಟ್ಟಿಗೆ ಇಡೀ ಕಥೆ ಆ ಪ್ರಶ್ನೆಯಲ್ಲಿದೆ. ಅಪ್ಪನ ಕಾಲದಲ್ಲಿ 'ವಾಚಿದೆಯಾ?' ಅಂತ ಕೇಳುತ್ತಿದ್ದರು. ಅದಕ್ಕೆ ಇದೆ, ಇಲ್ಲ ಅಂತ ಎರಡೇ ಉತ್ತರ. ಇದೆ ಅಂದರೆ ಮುಗಿಯಿತು. 'ಎಷ್ಟಿವೆ?' ಅಂದರೆ? ಮೂರು ಅಂದರೂ ಕಡಿಮೆ, ಏಳು ಅಂದರೂ ಇನ್ನೊಂದಕ್ಕೆ ಜಾಗ ಇದ್ದೇ ಇದೆ. ನನ್ನ ಬೀರುವೇ ಸಾಕ್ಷಿ.

ಇತ್ತ ಎಚ್.ಎಂ.ಟಿ. ಸೊರಗುತ್ತಾ ಹೋಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಆದರೆ ಮುಚ್ಚುವ ಸುದ್ದಿ ಹರಡುತ್ತಿದ್ದಂತೆ ಆದದ್ದು ಏನು ಗೊತ್ತೇ? ಜನ ಮುಗಿಬಿದ್ದು ಎಚ್.ಎಂ.ಟಿ. ವಾಚು ಕೊಂಡರು! ಇವತ್ತು ಹತ್ತು ಇಪ್ಪತ್ತು ಎಚ್.ಎಂ.ಟಿ. ಇಟ್ಟುಕೊಂಡ ಸಂಗ್ರಾಹಕರಿದ್ದಾರೆ. 'ಒಂದು ಸಾಕು' ಅಂತ ಮಾಡಿದ ವಾಚನ್ನೇ ಇಪ್ಪತ್ತು ಕೊಳ್ಳುವುದು! ನಾನೂ ಎರಡು ಸಲ ಆನ್‌ಲೈನಿನಲ್ಲಿ ಹಳೇ ಪೈಲಟ್ ಹುಡುಕಿದವನೇ, ನಗಬೇಡಿ.

ಹಾಗಾದರೆ ತೃಪ್ತಿ ಅನ್ನುವುದು ಇತ್ತೋ ಇಲ್ಲವೋ?

ಇಷ್ಟೆಲ್ಲ ಓದಿ, ತಲೆಕೆಡಿಸಿಕೊಂಡ ಮೇಲೆ ನನಗೆ ಒಂದು ಹಳೇ ಸಂಗತಿ ನೆನಪಾಯಿತು. 1996ರಲ್ಲಿ ನನ್ನ ಡಿಗ್ರಿ ಮುಗಿದಾಗ ಅಪ್ಪ ನನಗೆ ವಾಚು ಕೊಡಿಸಲು ಬೆಂಗಳೂರಿನ ಒಂದು ಶೋರೂಮಿಗೆ ಕರೆದುಕೊಂಡು ಹೋಗಿದ್ದರು. ನನ್ನದು ಆರಿಸಿ ಆಯಿತು. ಅಂಗಡಿಯ ಹುಡುಗ ಅಪ್ಪನ ಕೈ ನೋಡಿ, "ನಿಮಗೂ ಒಂದು ತೋರಿಸ್ಲಾ ಸಾರ್? ಆಟೊಮ್ಯಾಟಿಕ್ ಥರಾನೇ, ಕೀ ಕೊಡೋ ಹಾಗೇ ಇಲ್ಲ" ಅಂದ. ಅಷ್ಟು ಹೊತ್ತಿಗೆ ಅಪ್ಪನ ಸಂಬಳ ಪರವಾಗಿರಲಿಲ್ಲ, ಜೇಬಲ್ಲಿ ದುಡ್ಡೂ ಇತ್ತು. ಅಪ್ಪ ಗಾಜಿನ ಮೇಲೆ ಬಗ್ಗಿ ಒಂದೈದು ನಿಮಿಷ ಎಲ್ಲವನ್ನೂ ನೋಡಿದರು. ನಿಜವಾಗಿ ನೋಡಿದರು, ಒಂದೆರಡನ್ನು ಕೈಗೆ ಕಟ್ಟಿಯೂ ನೋಡಿದರು. ಆಮೇಲೆ ಬಿಚ್ಚಿ ಕೊಟ್ಟು, "ಚೆನ್ನಾಗಿದೆಯಪ್ಪ. ಆದ್ರೆ ನನ್ನದು ಓಡ್ತಾ ಇದೆಯಲ್ಲ" ಅಂದರು.

ಆಗ ನನಗೆ ಹುಡುಗನ ಮುಂದೆ ನಾಚಿಕೆಯಾಗಿತ್ತು. ಜಿಪುಣತನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, 1970ರ ದಶಕದಲ್ಲಿ ಕಾಂಚನ್ ಸಿಗದೆ ಒದ್ದಾಡಿದಾಗ ಅಪ್ಪನ ಕೈಯಲ್ಲಿ ಒಂದೇ ವಾಚು ಇದ್ದದ್ದು ತೃಪ್ತಿಯಲ್ಲ, ಅಮ್ಮ ಹೇಳಿದಂತೆ ಗತಿ ಇರಲಿಲ್ಲ ಅಷ್ಟೇ. ಎಲ್ಲ ಸಿಗುವ ಹಾಗಾದ ಮೇಲೆ, ನೋಡಿ, ಕಟ್ಟಿ, ಚೆನ್ನಾಗಿದೆ ಅಂತ ಒಪ್ಪಿಕೊಂಡು, ಬಿಚ್ಚಿ ಕೊಟ್ಟರಲ್ಲ... ತೃಪ್ತಿ ಅನ್ನುವುದಿದ್ದರೆ ಅದು ಆ ಐದು ನಿಮಿಷದಲ್ಲಿತ್ತು. ಅದನ್ನು ಅಪ್ಪನಿಗೆ ಯಾವ ಸರ್ಕಾರವೂ ಕೊಟ್ಟಿರಲಿಲ್ಲ, ಯಾವ ಶೋರೂಮೂ ಕಿತ್ತುಕೊಳ್ಳಲಿಲ್ಲ.

ಹಳೇ ಕಾಲ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ. ಸ್ಟಾಕಿಲ್ಲ ಅನ್ನುವ ಕಾಲ ಯಾರಿಗೆ ಬೇಕು? ಆದರೆ ಆಯ್ಕೆ ಇರುವ ಕಾಲದಲ್ಲಿ ಸಾಕು ಅನ್ನುವುದು ಅಪ್ಪನಿಗಿಂತ ನನಗೆ ಕಷ್ಟ ಅನ್ನುವುದಂತೂ ನಿಜ. ಅಪ್ಪನನ್ನು ಶೋರೂಮಿನ ಹುಡುಗ ಒಂದೇ ಸಲ ಕೇಳಿದ್ದ. ನನ್ನನ್ನು ಫೋನು ದಿನಕ್ಕೆ ನಾಲ್ಕು ಸಲ ಕೇಳುತ್ತದೆ.

ಹಬ್ಬದ ಮಾರನೇ ದಿನ ಐದು ವಾಚುಗಳನ್ನೂ ನಮ್ಮ ಬೀದಿಯ ವಾಚ್ ರಿಪೇರಿ ಸಾಹೇಬರ ಹತ್ತಿರ ತೆಗೆದುಕೊಂಡು ಹೋದೆ. ಮೂರು ಬ್ಯಾಟರಿ ಹಾಕಿದ ಕೂಡಲೇ ಓಡಿದವು, ಎರಡು ಸತ್ತಿದ್ದವು. ಜನತಾ ವಾಚನ್ನೂ ಕೊಟ್ಟೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿ ನೋಡಿ, "ಎಣ್ಣೆ ಒಣಗಿದೆ ಅಷ್ಟೇ ಸಾರ್. ಸರ್ವಿಸ್ ಮಾಡಿದ್ರೆ ನಿಮ್ಮ ಮಗನೂ ಕಟ್ಟಬಹುದು" ಅಂದರು. ಮಗನಿಗೆ ಹೇಳಿದೆ. ಅವನು ತನ್ನ ಸ್ಮಾರ್ಟ್ ವಾಚು ಚಾರ್ಜಿಗೆ ಹಾಕುತ್ತಾ "ನೋಡೋಣ ಅಪ್ಪ" ಅಂದ.

ಈಗ ದಿನಾ ಬೆಳಿಗ್ಗೆ ಜನತಾಗೆ ಕೀ ಕೊಡುತ್ತಿದ್ದೇನೆ. ಎಂಟನೇ ವಾಚು? ಸುಳ್ಳು ಯಾಕೆ ಹೇಳಲಿ, ಇನ್ನೂ ಕಾರ್ಟಿನಲ್ಲೇ ಇದೆ. ಕೊಂಡಿಲ್ಲ, ತೆಗೆದೂ ಹಾಕಿಲ್ಲ...

ನಿಮ್ಮ ಮನೆಯ ಬೀರುವಿನಲ್ಲೂ ಯಾವುದಾದರೂ ಎಚ್.ಎಂ.ಟಿ. ಮಲಗಿದ್ದರೆ ಒಮ್ಮೆ ಕೀ ಕೊಟ್ಟು ನೋಡಿ. ಹಾಗೇ, ಅದನ್ನು ಕಟ್ಟಿದವರಿಗೆ ಅದು ಸಾಕಾಗಿತ್ತೋ ಇಲ್ಲವೋ, ಗೊತ್ತಿದ್ದವರನ್ನು ಕೇಳಿ ನನಗೂ ತಿಳಿಸಿ.